ಎಣ್ಣೆಕಲೆಯ ಮೇಷ್ಟ್ರು

ಕಂಪ್ಲಿಯಿಂದ ಬಂದಿದ್ದ ನಮ್ಮ ಬಳಗದವರೊಬ್ಬರು ಊಟಕ್ಕೆ ಕುಳಿತಿದ್ದರು. ಎರಡನೆಯ ಸಲ ಸಾರು ಬಡಿಸುವಾಗ, "ನಿಮ್ಮ ಮೇಷ್ಟ್ರು ಹೋದ್ರಂತ, ಗೊತ್ತಾತೇನು?" ಎಂದರು. ಯಾವ ಮೇಷ್ಟ್ರು ಎಂದು ನಾನು ಕೇಳಲಿಲ್ಲ. ನನಗೆ ಅಕ್ಷರ ಕಲಿಸಿದವರು ಆರೇಳು ಜನ ಇದ್ದರೂ 'ನಿಮ್ಮ ಮೇಷ್ಟ್ರು' ಎಂದು ಜನ ಹೇಳುವುದು ಒಬ್ಬರಿಗೇ. "ಭಾಳ ವಯಸ್ಸಾಗಿತ್ತು ಬಿಡ್ರಿ," ಎಂದು ಅವರು ಆ ಮಾತು ಅಲ್ಲಿಗೇ ಮುಗಿಸಿ ಮಜ್ಜಿಗೆ ಕೇಳಿದರು. ನನ್ನ ಬಾಯಿಂದ ತಾನಾಗಿ ಬಂತು: "ಭಾಳ ಅಂದ್ರ ಎಷ್ಟು?"

ಅವರು ತುತ್ತು ಎತ್ತಿದವರು ಹಾಗೇ ನನ್ನ ಮುಖ ನೋಡಿದರು. ಸತ್ತ ಸುದ್ದಿ ಕೇಳಿ ಯಾರಾದರೂ ಹೀಗೆ ಕೇಳುತ್ತಾರೆಯೇ? ಕೇಳಬಾರದು, ನನಗೂ ಗೊತ್ತು. ಆದರೆ ಆ ಪ್ರಶ್ನೆ ನನ್ನದಲ್ಲ, ಸತ್ತವರದೇ. ಮೂರು ವರ್ಷ ದಿನಬೆಳಗಾದರೆ ಆ ಪ್ರಶ್ನೆ ಕೇಳಿಸಿಕೊಂಡವಳು ನಾನು. ನಾಲಿಗೆಗೆ ಅಂಟಿಕೊಂಡದ್ದು ಇನ್ನೂ ಬಿಟ್ಟಿಲ್ಲ.

ಆಗ ನಮ್ಮ ಹೊಸಪೇಟೆಗೆ ಕರೆಂಟು ಬಂದಿರಲಿಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮಾತು ಮದ್ರಾಸಿಗೂ ಹೈದರಾಬಾದಿಗೂ ನಡುವೆ ಓಡಾಡುತ್ತಿತ್ತೇ ಹೊರತು ನದಿಯ ದಂಡೆಗೆ ಬಂದು ಮುಟ್ಟಿರಲಿಲ್ಲ. ನಮ್ಮ ಓಣಿಯ ಹಿರಿಯರು ನಾಲ್ಕೈದು ಜನ ಕೂಡಿ ಹೆಣ್ಣುಮಕ್ಕಳಿಗೆಂದು ಒಂದು ಸಣ್ಣ ಶಾಲೆ ನಡೆಸುತ್ತಿದ್ದರು. ಆ ಹಿರಿಯರಿಗೆಲ್ಲ ಹಿರಿಯರು ನಮ್ಮ ಅಪ್ಪ. ಅಕ್ಕಿ ಗಿರಣಿ ನಮ್ಮದು, ಶಾಲೆ ಕೂಡುವ ಹಳೆಯ ಮನೆ ನಮ್ಮದು, ಮೇಷ್ಟ್ರಿಗೆ ಸಂಬಳ ಎಣಿಸುವ ಕೈಯೂ ನಮ್ಮದೇ. ಹೀಗಾಗಿ ಶಾಲೆಯಲ್ಲಿ ನಾನು ಸ್ವಲ್ಪ ಸೊಕ್ಕಿನಿಂದಲೇ ಇದ್ದೆ. ಇದನ್ನು ಹೇಳಲು ನನಗೇನೂ ನಾಚಿಕೆ ಇಲ್ಲ. ಗಿರಣಿಯವರ ಮಗಳಾಗಿ ಹುಟ್ಟಿ ಸೊಕ್ಕು ಮಾಡದಿದ್ದರೆ ಊರವರೇ ಬೇಜಾರು ಮಾಡಿಕೊಳ್ಳುತ್ತಿದ್ದರು.

ಮೇಷ್ಟ್ರು ಸಂಡೂರಿನವರು. "ನಾ ಸಂಸ್ಥಾನದ ಪ್ರಜಾ, ನಿಮ್ಮ ಮದ್ರಾಸಿನ ಸರಕಾರ ನನಗ ಏನೂ ಮಾಡಂಗಿಲ್ಲ," ಎಂದು ನಗೆಯಾಡುತ್ತಿದ್ದರು. ಆ ಊರಿನ ಕೆಂಪುಮಣ್ಣು ಅವರ ಧೋತರದ ಅಂಚಿನಿಂದ ಎಷ್ಟು ಒಗೆದರೂ ಹೋಗಿರಲಿಲ್ಲ. ತೆಳ್ಳಗೆ, ಉದ್ದಕ್ಕೆ ಇದ್ದರು. ಏನನ್ನು ನೋಡುವುದಿದ್ದರೂ ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡುವ ಚಾಳಿ. ಮನುಷ್ಯರನ್ನೂ ಹಾಗೇ ನೋಡುತ್ತಿದ್ದರು. ಹೊಸಬರಿಗೆ ಇವರೇನು ಕಣ್ಣು ಹೊಡೆಯುತ್ತಿದ್ದಾರೋ ಎಂದು ಗಾಬರಿಯಾಗುತ್ತಿತ್ತು. ಹೆಣ್ಣುಮಕ್ಕಳ ಶಾಲೆಗೆ ಇಂಥ ಚಾಳಿಯವರು ಬೇಕೇ ಎಂದು ಮೊದಮೊದಲು ಓಣಿಯಲ್ಲಿ ಮಾತೂ ಆಗಿತ್ತು. ಆಮೇಲೆ ಅವರು ಎಮ್ಮೆಯನ್ನೂ ಕಂಬವನ್ನೂ ಹಾಗೇ ನೋಡುವುದನ್ನು ಕಂಡು ಜನ ಸುಮ್ಮನಾದರು.

ಅವರ ತರಗತಿಯಲ್ಲಿ 'ಭಾಳ' ಎಂಬ ಮಾತಿಗೆ ಪ್ರವೇಶ ಇರಲಿಲ್ಲ. "ಭಾಳ ಬಿಸಿಲೈತ್ರಿ" ಎಂದರೆ "ಭಾಳ ಅಂದ್ರ ಎಷ್ಟು?" ಎಂದು ಕೇಳುವರು. "ಭಾಳ ಹಸಿವಾಗೇತ್ರಿ" ಎಂದರೂ ಅದೇ. ನಾವು ಬೆಬ್ಬೆಬ್ಬೆ ಎನ್ನುತ್ತಿದ್ದೆವು. ಒಂದು ಸಲ ಮಾತ್ರ ಈರಮ್ಮ ಉತ್ತರ ಕೊಟ್ಟಳು. ಈರಮ್ಮನ ಅಪ್ಪ ನಮ್ಮ ಗಿರಣಿಯಲ್ಲಿ ಮೂಟೆ ಹೊರುವವನು. ಕಾಲುವೆಯ ಪಕ್ಕದ ಬಾಳೆತೋಟದ ಅಂಚಿಗೆ ಅವರದೊಂದು ಗುಡಿಸಲು. ಮೇಷ್ಟ್ರೇ ಹೋಗಿ ಅವಳನ್ನು ಶಾಲೆಗೆ ಕರೆತಂದಿದ್ದರು. ಅವಳು ಬಿಸಿಲಿನಲ್ಲಿ ಬಂದು ನಿಂತು, "ಬರಿಗಾಲೀಲೆ ಬಂದ್ರ ಅಳು ಬರೋವಷ್ಟು ಬಿಸಿಲೈತ್ರಿ," ಎಂದಳು. ಮೇಷ್ಟ್ರು ಎಡಗಣ್ಣು ಮುಚ್ಚಿ ಅವಳನ್ನು ನೋಡಿದರು. "ಇದು ಅಳತಿ," ಎಂದರು. ಅವರು ಒಬ್ಬರನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗಂತೂ ಹೊಟ್ಟೆ ಉರಿದುಹೋಯಿತು.

ಅವರ ಜೊತೆ ಹಂಪಿಗೆ ಹೋದದ್ದು ನೆನಪಿದೆ. ಎರಡು ಗಾಡಿ ಕಟ್ಟಿಸಿಕೊಂಡು ಹೋಗಿದ್ದೆವು. ಅಲ್ಲಿ ಗುಡಿಯೊಳಗಿನ ಕತ್ತಲೆ ಕೋಣೆಯ ಗೋಡೆಯ ಮೇಲೆ ಸಣ್ಣ ಕಿಂಡಿಯಿಂದ ಹೊರಗಿನ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದಲ್ಲ, ಅದನ್ನು ಪೂಜಾರಪ್ಪ ತೋರಿಸಿದ. ನಾವೆಲ್ಲ ಹೋ ಎಂದೆವು. ಮೇಷ್ಟ್ರು ಮಾತ್ರ, "ಗೋಪುರ ತಲಿ ಕೆಳಗಾದದ್ದು ಆತು. ಹೊರಗಿನ ಬೆಳಕಿನ್ಯಾಗ ಎಷ್ಟು ಪಾಲು ಒಳಗ ಬಂದೈತಿ?" ಎಂದು ಅವನನ್ನೇ ಕೇಳಿದರು. "ದೇವರ ಮಹಿಮಿ ಅಳೀತೀರೇನ್ರಿ ಮೇಷ್ಟ್ರ?" ಎಂದು ಅವನು ಸಿಡುಕಿದ. "ಮಹಿಮಿ ಅಲ್ರಿ, ಬೆಳಕು. ಮಹಿಮಿ ನಿಮಗಿರ್ಲಿ," ಎಂದು ಇವರು ಸಮಾಧಾನವಾಗಿ ಹೇಳಿದರು. ವಾಪಸು ಬರುವಾಗ ದಾರಿಯುದ್ದಕ್ಕೂ ಗಾಡಿಯಲ್ಲಿ ನಮ್ಮನ್ನು ಅದೇ ಪ್ರಶ್ನೆ ಕಾಡಿತು. ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತೇವೆ, ಸೀರೆಯನ್ನು ಮೊಳದಲ್ಲಿ. ಬೆಳಕನ್ನು ಯಾವುದರಲ್ಲಿ ಅಳೆಯುವುದು? ಕೈಗೆ ಸಿಗದ್ದನ್ನು ಯಾವ ತಕ್ಕಡಿಗೆ ಹಾಕುವುದು?

ಅದಕ್ಕೆ ಉತ್ತರ ಬಂದದ್ದು ಮಿರ್ಚಿಯ ಪೊಟ್ಟಣದಿಂದ. ಮೇಷ್ಟ್ರಿಗೆ ಮಿರ್ಚಿ ಬಜ್ಜಿ ಎಂದರೆ ಪ್ರಾಣ. ಒಂದು ಮಧ್ಯಾಹ್ನ ಎಣ್ಣೆ ಮೆತ್ತಿದ ಕಾಗದ ಹಿಡಿದುಕೊಂಡು ತರಗತಿಗೆ ಬಂದರು. ನಮಗೂ ತಂದಿದ್ದಾರೆ ಎಂದು ನಾವು ಬಾಯಲ್ಲಿ ನೀರೂರಿಸಿಕೊಂಡು ಕುಳಿತೆವು. ನೋಡಿದರೆ ಮಿರ್ಚಿಯನ್ನೆಲ್ಲ ದಾರಿಯಲ್ಲೇ ತಿಂದು ಮುಗಿಸಿ ಬರೀ ಕಾಗದ ತಂದಿದ್ದರು. ಅದನ್ನು ಬಾಗಿಲ ಕಡೆಗೆ ಹಿಡಿದು, "ಈ ಎಣ್ಣಿಕಲೆ ಹೆಂಗ ಕಾಣ್ತೈತಿ?" ಎಂದರು. ಬೆಳ್ಳಗೆ ಕಾಣುತ್ತದೆ ಎಂದೆವು. ಆಮೇಲೆ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ ತಾವು ಒಳಗೆ ಕತ್ತಲೆಗೆ ಹೋಗಿ ಹಿಡಿದರು. ಈಗ ಅದೇ ಕಲೆ ಕರ್ರಗೆ ಕಂಡಿತು.

"ಯಾಕ?" ಎಂದರು. ಆಮೇಲೆ ತಾವೇ ಹೇಳಿದರು:

"ಎಣ್ಣಿ ಬಿದ್ದ ಕಡೆ ಕಾಗದ ಸೋರ್ತೈತಿ. ಮಳಿಗಾಲದಾಗ ಮಾಳಿಗಿ ಸೋರಂಗಿಲ್ಲೇನು, ಹಂಗ. ಮಾಳಿಗಿ ನೀರು ಸೋರ್ತೈತಿ, ಇದು ಬೆಳಕು ಸೋರ್ತೈತಿ. ಬೆಳಕು ಹೆಚ್ಚಿದ್ದ ಕಡೆಯಿಂದ ನೋಡಿದ್ರ ಆ ಕಡಿಗೆ ಸೋರಿ ಹೋತು, ಅದಕ್ಕ ಕರ್ರಗ. ಕಡಿಮಿ ಇದ್ದ ಕಡೆಯಿಂದ ನೋಡಿದ್ರ ನಮ್ಮ ಕಡಿಗೆ ಸೋರಿ ಬಂತು, ಅದಕ್ಕ ಬೆಳ್ಳಗ. ಎರಡೂ ಕಡಿಗೆ ಬೆಳಕು ಸಮ ಇದ್ರ?"

ಈರಮ್ಮ ಮೆಲ್ಲಗೆ, "ಹೋದಷ್ಟು ಬರ್ತೈತ್ರಿ," ಎಂದಳು.

"ಹಂಗಾದ್ರ ಕಲೆ?"

"ಕಾಣಂಗಿಲ್ರಿ."

ಮೇಷ್ಟ್ರು ಎರಡು ದೀಪ ಹಚ್ಚಿಸಿದರು. ನಡುವೆ ಕಾಗದ ನಿಲ್ಲಿಸಿ ಒಂದು ದೀಪವನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಸರಿಸಿದರು. ನಾವೆಲ್ಲ ಸುತ್ತ ಬಗ್ಗಿ ನೋಡುತ್ತಿದ್ದೆವು. ಬೆಳ್ಳಗಿದ್ದ ಕಲೆ ಮಾಸುತ್ತ ಬಂದು ಒಂದು ಕಡೆ ಇಲ್ಲವೇ ಇಲ್ಲ ಎಂಬಂತೆ ಕಾಗದದೊಳಗೆ ಕರಗಿಹೋಯಿತು. ಇನ್ನಷ್ಟು ಸರಿಸಿದರೆ ಮತ್ತೆ ಬಂತು, ಈಗ ಕರ್ರಗೆ. ಬಳ್ಳಾರಿಯಿಂದ ಬರುತ್ತಿದ್ದ ಜಾದೂಗಾರನೂ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಇನ್ನೊಂದು ಸಂಗತಿ ಉಳಿದಿತ್ತು. ದೀಪ ಎರಡು ಪಟ್ಟು ದೂರ ಹೋದರೆ ಬೆಳಕು ಅರ್ಧ ಆಗುತ್ತದೆ ಎಂದು ನಾನು ಜಾಣತನ ತೋರಿಸಿದೆ. "ಇಲ್ಲ," ಎಂದರು ಮೇಷ್ಟ್ರು. "ನಿಮ್ಮವ್ವ ರೊಟ್ಟಿ ತಟ್ಟೋದು ನೋಡಿಯಿಲ್ಲೋ? ಅದೇ ಹಿಟ್ಟಿನ ಉಂಡಿ. ಗೇಣಗಲ ಇದ್ದ ರೊಟ್ಟಿನ ಎರಡು ಗೇಣಗಲ ತಟ್ಟಿದ್ರ ಎಷ್ಟು ತೆಳ್ಳಗ ಆಗ್ತೈತಿ? ಅರ್ಧ ಅಲ್ಲ, ಕಾಲು ಪಾಲು. ಯಾಕಂದ್ರ ಅದು ಅಡ್ಡಕ್ಕೂ ಹಿಗ್ಗತೈತಿ, ಉದ್ದಕ್ಕೂ ಹಿಗ್ಗತೈತಿ. ಬೆಳಕೂ ಹಂಗ. ನಡದಷ್ಟೂ ಹಿಗ್ಗತೈತಿ, ಹಿಗ್ಗಿದಷ್ಟೂ ತೆಳ್ಳಗ ಆಗ್ತೈತಿ." ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಚೌಕ ಬರೆದು ತೋರಿಸಿದರು. ಎರಡರಷ್ಟು ದೂರಕ್ಕೆ ಹೋದರೆ ಒಂದು ಚೌಕದ ಬೆಳಕು ನಾಲ್ಕಕ್ಕೆ ಹಂಚಬೇಕು, ನಾಲ್ಕರಷ್ಟು ದೂರಕ್ಕೆ ಹೋದರೆ ಹದಿನಾರಕ್ಕೆ. ಅಂದಿನಿಂದ ಇಂದಿನವರೆಗೂ ನಾನು ರೊಟ್ಟಿ ತಟ್ಟುವಾಗ ಅಂಚು ಹರಿಯುವ ಮುಂಚೆ ಮೇಷ್ಟ್ರು ನೆನಪಾಗುತ್ತಾರೆ.

"ಅಳಿಬೇಕಂದ್ರ ಒಂದು ಸೇರು ಬೇಕಲ್ರಿ?" ಎಂದು ಯಾರೋ ಕೇಳಿದರು. "ಬೇಕು. ಇಂಗ್ಲಿಷರು ಒಂದು ಮೇಣದಬತ್ತಿ ಇಟಗೊಂಡಾರ, ಇಂಥಾ ದಪ್ಪ, ಇಂಥಾ ತೂಕ, ಹಿಂಗಿಂಗ ಉರೀಬೇಕು ಅಂತ. ನಮ್ಮ ಸೇರು ನಮ್ಮ ಬುಡ್ಡಿದೀಪ. ಒಂದೇ ಬುಡ್ಡಿ, ಒಂದೇ ಬತ್ತಿ, ಅಷ್ಟೇ ಎತ್ತರದ ಉರಿ." ಸಂಜೆಯೊಳಗೆ ಅವರು ಬಳೆಗಾರರ ಅಂಗಡಿಯಿಂದ ಹಳೆಯ ಬಳೆಪೆಟ್ಟಿಗೆಯೊಂದನ್ನು ಬೇಡಿ ತಂದಿದ್ದರು. ಎರಡು ಮೊಳ ಉದ್ದ, ಗೇಣಗಲದ ಮರದ ಪೆಟ್ಟಿಗೆ. ಒಂದು ತುದಿಗೆ ಕಿಟಕಿ ಕೊರೆದು ಎಣ್ಣೆಕಲೆಯ ಕಾಗದ ಅಂಟಿಸಿದರು. ಬುಡ್ಡಿಯನ್ನು ಒಳಗಿಟ್ಟು ತಂತಿಯಿಂದ ಹಿಂದೆ ಮುಂದೆ ಎಳೆಯಬಹುದಿತ್ತು. ಹೊಗೆ ಹೋಗಲು ಮೇಲೆ ಸಂದು. ಹೊರಗಿನ ಬೆಳಕು ಕಾಗದದ ಮೇಲೆ ಬೀಳುತ್ತದೆ, ಒಳಗಿನ ಬುಡ್ಡಿಯದು ಹಿಂದಿನಿಂದ. ಕಲೆ ಮಾಯವಾಗುವ ತನಕ ಎಳೆಯುವುದು, ಬುಡ್ಡಿ ಎಷ್ಟು ದೂರ ಹೋಯಿತೆಂದು ಗೇಣು ಹಾಕುವುದು. ಬುಡ್ಡಿ ಹತ್ತಿರ ನಿಂತರೆ ಆ ಜಾಗದಲ್ಲಿ ಬೆಳಕು ಹೆಚ್ಚು. ದೂರ ಹೋದಷ್ಟೂ ಕತ್ತಲೆ ಹೆಚ್ಚು.

ಆಮೇಲೆ ಮೇಷ್ಟ್ರು ಮಾಡಿದ್ದನ್ನು ಮಾಡಬಾರದಿತ್ತು ಎಂದು ನಮ್ಮ ಓಣಿಯವರು ಇವತ್ತಿಗೂ ಹೇಳುತ್ತಾರೆ. "ಪೆಟ್ಟಿಗಿ ಒಬ್ಬೊಬ್ಬರ ಮನಿಗೆ ಹೋಗ್ಲಿ," ಎಂದರು. "ನಡುಮಧ್ಯಾಹ್ನ ನಿಮ್ಮ ಅಡಿಗಿಮನ್ಯಾಗ ಎಷ್ಟು ಬೆಳಕೈತಿ ಅಳಕೊಂಡು ಬರ್ರಿ." ಅಡುಗೆಮನೆ ಯಾಕೆ ಎಂದರೆ, ಹೆಣ್ಣುಮಕ್ಕಳು ಅಳೆಯಲು ಅಪ್ಪಣೆ ಬೇಡದ ಜಾಗ ಅದೊಂದೇ ಎಂದು ಅವರ ಲೆಕ್ಕ. ಅವರಿಗೆ ಅದರಲ್ಲಿ ಬೇರೆ ಏನೂ ಇರಲಿಲ್ಲ, ಗೊತ್ತಾಗಬೇಕು ಎಂಬುದಷ್ಟೇ.

ನಮ್ಮೂರಿನ ಮಾಳಿಗೆ ಮನೆ ನೋಡದವರಿಗೆ ಒಂದು ಮಾತು ಹೇಳಬೇಕು. ಮಣ್ಣು ಹಾಸಿದ ಚಪ್ಪಟೆ ಮಾಳಿಗೆ, ಎರಡು ಮೊಳ ದಪ್ಪದ ಗೋಡೆ, ಕಿಟಕಿ ಇಲ್ಲ. ಬಾಗಿಲು ದಾಟಿದ ಕೂಡಲೇ ದನದ ಅಂಕಣ, ಆಮೇಲೆ ಪಡಸಾಲೆ, ಆಮೇಲೆ ದೇವರಮನೆ, ಎಲ್ಲಕ್ಕೂ ಒಳಗೆ ಅಡುಗೆಮನೆ. ಪಡಸಾಲೆಯ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತದೆ. ಅಡುಗೆಮನೆಯ ಮೇಲೆ ಮಾತ್ರ ಇಡುತ್ತಿರಲಿಲ್ಲ, ಬೇಯುವ ಅಡುಗೆಯ ಮೇಲೆ ಪರರ ದೃಷ್ಟಿ ಬೀಳಬಾರದೆಂದು. ದೊಡ್ಡ ಮನೆಯಾದಷ್ಟೂ ಅಡುಗೆಮನೆ ಇನ್ನೂ ಒಳಗೆ.

ಪೆಟ್ಟಿಗೆ ನಮ್ಮ ಮನೆಗೆ ಬಂದ ದಿನ ಅವ್ವ ಬಳೆಗಾರ ಬಂದನೆಂದು ಕೈ ಒರೆಸಿಕೊಂಡು ಸಂಭ್ರಮದಿಂದ ಎದ್ದು ಬಂದಳು. ಒಳಗೆ ಬುಡ್ಡಿ ನೋಡಿ, "ಅಯ್ಯ, ಇದ್ಯಾವ ಬಳಿನೇ?" ಎಂದಳು. ನಾನು ಪೆಟ್ಟಿಗೆಯನ್ನು ಒಲೆಯ ಎದುರಿಗೆ ಇಟ್ಟೆ. ಒಲೆಯ ಬೆಳಕು ಸೇರಬಾರದೆಂದು ಅವ್ವ ಉರಿಯನ್ನು ಬೂದಿಯಿಂದ ಮುಚ್ಚಿದಳು. ನಾನು ತಂತಿ ಎಳೆಯುತ್ತ ಹೋದೆ. ಒಂದು ಗೇಣು, ಎರಡು ಗೇಣು, ಕಲೆ ಬೆಳ್ಳಗೇ ಇತ್ತು. ಅವ್ವ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಬುಡ್ಡಿ ಪೆಟ್ಟಿಗೆಯ ಕಟ್ಟಕಡೆಗೆ ಹೋಗಿ ತಾಗಿದಾಗ, "ಹೋತು! ಹೋತಲ್ಲೇ ಹುಡುಗಿ!" ಎಂದು ನನಗಿಂತ ಮೊದಲು ಕೂಗಿದವಳು ಅವಳೇ. ಅಕ್ಷರ ಬಾರದ ನನ್ನ ಅವ್ವ ಆ ಹೊತ್ತಿಗೆ ನನ್ನ ಸಹಪಾಠಿಯ ಹಾಗೆ ಕಂಡಳು. "ತಡಿ, ಎತ್ತಿನ ಹಂತ್ಯಾಕೂ ನೋಡೋಣು," ಎಂದು ತಾನೇ ಪೆಟ್ಟಿಗೆ ಎತ್ತಿಕೊಂಡು ದನದ ಅಂಕಣಕ್ಕೆ ನಡೆದಳು. ಅಲ್ಲಿ ಒಂದು ಗೇಣಿಗೇ ಕಲೆ ಮಾಯವಾಯಿತು. ಅವ್ವ ಗೋದಲಿಯ ಹತ್ತಿರ ನಿಂತು, ಮೇವು ಮೆಲ್ಲುತ್ತಿದ್ದ ಎತ್ತಿನ ಮುಖ ನೋಡಿದಳು. "ಪುಣ್ಯ ಮಾಡೀಯಪಾ," ಎಂದಳು ಎತ್ತಿಗೆ.

ಎಲ್ಲರ ಮನೆಯ ಅಳತೆ ಮುಗಿದ ಮೇಲೆ ಮೇಷ್ಟ್ರು ನಮ್ಮನ್ನು ಬೀದಿಗೆ ಕರೆತಂದರು. ಪೆಟ್ಟಿಗೆಯ ಒಂದು ಗೇಣಿಗೆ ಬೀದಿಯಲ್ಲಿ ಒಂದು ದೊಡ್ಡ ಹೆಜ್ಜೆ. ಅವರವರ ಬುಡ್ಡಿ ಎಷ್ಟು ದೂರ ಹೋಗಿತ್ತೋ ಶಾಲೆಯ ಕಟ್ಟೆಯಿಂದ ಅಷ್ಟು ದೂರ ಹೋಗಿ ನಿಲ್ಲಬೇಕು. ಈರಮ್ಮ ಕಟ್ಟೆಯ ಪಕ್ಕದಲ್ಲೇ ನಿಂತಳು. ಅವರ ಗುಡಿಸಲಿನಲ್ಲಿ ಒಲೆ ಬಾಗಿಲ ಹತ್ತಿರವೇ ಇತ್ತು, ಬಾಗಿಲಿಗೆ ಕದ ಇರಲಿಲ್ಲ. ಬಟ್ಟೆ ಅಂಗಡಿಯವರ ಮಗಳು ನಡುವೆ. ನಾನು ಎಲ್ಲರನ್ನೂ ದಾಟಿ, ಎಲೆಅಡಿಕೆ ಅಂಗಡಿಯ ಮುಂದೆ, ಕಟ್ಟಕಡೆಗೆ. ಎಲ್ಲರಿಗಿಂತ ಮುಂದೆ ಹೋದವಳು ನಾನೇ, ಗೆದ್ದವಳು ನಾನೇ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಹೋಗಿಬರುವವರೆಲ್ಲ ನಿಂತು ಇದೇನು ಆಟ ಎಂದು ಕೇಳಿದರು. ನಾನೇ ದೊಡ್ಡ ದನಿಯಲ್ಲಿ, ಎತ್ತಿನ ಅಂಕಣದ ಅಳತೆಯನ್ನೂ ಸೇರಿಸಿ, ವಿವರಿಸಿದೆ. ಎಲೆಅಡಿಕೆ ಅಂಗಡಿಯವನು ಕಿವಿಗೊಟ್ಟು ಕೇಳಿ, "ಹಂಗಾದ್ರ ಸಾವ್ಕಾರ್ರ ಅಡಿಗಿಮನ್ಯಾಗ ದರೋಜಿ ಗುಡ್ಡದ ಕರಡಿ ಬಂದು ಕುಂತ್ರೂ ಗೊತ್ತಾಗಂಗಿಲ್ಲನ್ನು," ಎಂದ. ಅಲ್ಲಿದ್ದವರು ನಕ್ಕರು. ನಾನೂ ನಕ್ಕೆ.

ಸಂಜೆ ಅಪ್ಪ ಗಿರಣಿಯಿಂದ ಬರುವಷ್ಟರಲ್ಲಿ ಆ ಕರಡಿ ಇಡೀ ಹೊಸಪೇಟೆ ಸುತ್ತಿತ್ತು.

ಮರುದಿನ ಹಿರಿಯರೆಲ್ಲ ಶಾಲೆಯಲ್ಲಿ ಕೂಡಿದರು. ನಾವು ಹುಡುಗಿಯರು ಮೂಲೆಯಲ್ಲಿ ಗುಂಪಾಗಿ ಕುಳಿತಿದ್ದೆವು. ಅಪ್ಪ ಕೂಗಾಡಲಿಲ್ಲ. ಕೂಗಾಡದಿದ್ದರೆ ಅಪ್ಪನ ಸಿಟ್ಟು ಹೆಚ್ಚು ಎಂದು ನನಗೆ ಗೊತ್ತಿತ್ತು.

"ಮೇಷ್ಟ್ರ, ಮನಿ ಒಳಗಿನ ಮಾತು ಬೀದಿಗೆ ತಂದ್ರಿ. ಹಮಾಲನ ಮಗಳು ಮುಂದ, ನನ್ನ ಮಗಳು ಹಿಂದ. ನಮ್ಮ ಮನಿ ಹೆಣ್ಮಕ್ಕಳಿಗಿಂತ ನಮ್ಮ ಎತ್ತು ಬೇಸಿ ಅದಾವು ಅಂತ ಡಂಗುರ ಸಾರಿದ್ರಿ."

"ನಾ ಸಾರಿಲ್ರಿ. ಹುಡುಗ್ಯಾರು ಅಳದಾರ."

"ಒಂದು ಮಾತು ಹೇಳ್ರಿ ಸಾಕು. ಈ ಪೆಟ್ಟಿಗಿ ಸುಳ್ಳು ಅಂತ ಇವರ ಮುಂದ ಹೇಳ್ರಿ. ನಾಳಿಂದ ಕಾಗುಣಿತ ಕಲಿಸ್ಕೋತ ಇರ್ರಿ. ಇಲ್ಲಂದ್ರ ನಿಮಗೂ ನಮಗೂ ಕೂಡಂಗಿಲ್ಲ."

ಎಲ್ಲರಿಗೂ ಅರ್ಥವಾಯಿತು. ಮೇಷ್ಟ್ರಿಗೆ ಮನೆಯಲ್ಲಿ ಕಾಯಿಲೆಯ ತಾಯಿ, ಕೈಗೂಸು ಎತ್ತಿಕೊಂಡ ಹೆಂಡತಿ. ಈ ನೌಕರಿ ಬಿಟ್ಟರೆ ಇನ್ನೊಂದು ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ. ಅವರು ಎಡಗಣ್ಣು ಮುಚ್ಚಿಕೊಂಡು ಪೆಟ್ಟಿಗೆಯನ್ನೇ ನೋಡಿದರು. ಹೇಳಿಬಿಡಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಸುಳ್ಳು ಇದ್ದರೂ ಇರಬಹುದ್ರಿ," ಎಂದರು ಕಡೆಗೆ. "ಪೆಟ್ಟಿಗಿ ಮಾಡಿದವ ನಾನು, ತಪ್ಪು ಆಗಿರಬಹುದು. ಇನ್ನೊಮ್ಮೆ ಅಳಿಯೋಣ. ನೀವೇ ನೋಡ್ರಿ. ಕಲೆ ಜಲ್ದಿ ಹೋದ್ರ, ಇಲ್ಲೇ ನಿಂತು ಸುಳ್ಳು ಅಂತೀನಿ."

ಹಿರಿಯರ ಎದುರಿಗೆ ಅಪ್ಪ ಒಲ್ಲೆ ಎನ್ನುವಂತಿರಲಿಲ್ಲ. ಆ ನಡುಮಧ್ಯಾಹ್ನವೇ ಎಲ್ಲರೂ ನಮ್ಮ ಮನೆಗೆ ಬಂದರು. ಉಳಿದವರು ಪಡಸಾಲೆಯಲ್ಲೇ ನಿಂತರು. ಅವ್ವ ಸೆರಗು ಹೊದ್ದು ದೇವರಮನೆಯ ಬಾಗಿಲ ಹಿಂದೆ ಸರಿದಳು. ಅಪ್ಪ ಅಡುಗೆಮನೆಗೆ ಕಾಲಿಟ್ಟರು. ಊಟ, ತಿಂಡಿ ಎಲ್ಲ ಅವರಿಗೆ ಪಡಸಾಲೆಗೇ ಬರುತ್ತಿತ್ತು. ಹಗಲು ಹೊತ್ತಿನಲ್ಲಿ ಅವರು ಒಳಗೆ ಬಂದದ್ದನ್ನು ನಾನು ನೋಡಿರಲೇ ಇಲ್ಲ. ಎರಡು ಹೆಜ್ಜೆ ಇಟ್ಟರೋ ಇಲ್ಲವೋ, ಮೇಲಿಂದ ತೂಗುಬಿಟ್ಟ ಬೆಣ್ಣೆ ಗಡಿಗೆಯ ನೆಲುವು ಹಣೆಗೆ ಬಡಿಯಿತು. ಗೋಡೆ ತಡಕುತ್ತ ನಿಂತಲ್ಲಿಂದ ಅಭ್ಯಾಸಬಲದಿಂದ ಕೂಗಿದರು:

"ಏ ಯಾರಲೇ ಅಲ್ಲಿ, ಒಂದು ದೀಪಾ ತರ್ರಿ! ಏನೂ ಕಾಣವಲ್ದು!"

ಹೊರಗೆ ತಲೆ ಸಿಡಿಯುವ ಬಿಸಿಲು. ಪಡಸಾಲೆಯಲ್ಲಿದ್ದ ಹಿರಿಯರಿಗೆಲ್ಲ ಆ ಕೂಗು ಕೇಳಿಸಿತು. ಅಪ್ಪನಿಗೆ ತಾನು ಏನು ಹೇಳಿದೆ ಎಂಬುದು ಒಂದು ಕ್ಷಣ ತಡವಾಗಿ ಗೊತ್ತಾಯಿತು. ಮೇಷ್ಟ್ರು ನಗಲಿಲ್ಲ, ಗೆದ್ದ ಮುಖವನ್ನೂ ಮಾಡಲಿಲ್ಲ. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. "ತಡೀರಿ ಸಾವ್ಕಾರ್ರ. ಬಿಸಿಲಿನ್ಯಾಗಿಂದ ಬಂದೀರಿ, ಕಣ್ಣು ಹೊಂದಬೇಕು. ಮನ್ಯಾಗಿನ ಅಕ್ಕಾರ ಕಣ್ಣು ಇದಕ್ಕ ಒಗ್ಗಿ ಹೋಗ್ಯಾವು, ಅವರಿಗೆ ಕತ್ತಲಿ ಅನ್ನಸಂಗಿಲ್ಲ. ಅದಕ್ಕ ಕಣ್ಣು ನಂಬಬಾರದ್ರಿ, ಕಲೆ ನಂಬಬೇಕು."

ಅಪ್ಪ ಬಗ್ಗಿ ಕಲೆಯನ್ನು ನೋಡಿದರು. ಮೇಷ್ಟ್ರು ತಂತಿ ಎಳೆದರು. ಬುಡ್ಡಿ ಕಟ್ಟಕಡೆಗೆ ಹೋಗಿ ತಾಗಿದ ಸಪ್ಪಳ ಕೇಳಿಸಿತು. ಅಪ್ಪ ಎದ್ದು ಹೊರಗೆ ಹೋದರು.

ಇಲ್ಲಿ ಅಪ್ಪನ ಮನಸ್ಸು ಕರಗಿತು ಎಂದು ಬರೆಯಲು ನನಗೂ ಆಸೆ. ಆದರೆ ಕರಗಲಿಲ್ಲ. ಸೋತವರಿಗೆ ಸೋಲಿಗಿಂತ ಸೋಲು ಕಂಡವರ ಮೇಲೆ ಸಿಟ್ಟು. ವಾರ್ಷಿಕ ಪರೀಕ್ಷೆ ಮುಗಿದು ಶಾಲೆಗೆ ರಜೆ ಬಂದಾಗ ಮೇಷ್ಟ್ರಿಗೆ ಮುಂದಿನ ವರ್ಷ ಬರುವುದು ಬೇಡ ಎಂದು ಹೇಳಿ ಕಳಿಸಿದರು. ಕಂಪ್ಲಿಯಲ್ಲಿ ಮೇಷ್ಟ್ರ ಸೋದರಮಾವನ ಸಣ್ಣ ಶಾಲೆ ಇತ್ತಂತೆ, ಕಡೆಗೆ ಅಲ್ಲಿಗೆ ಹೋದರು. ಹೋಗುವ ದಿನ ನಾನೂ ಈರಮ್ಮನೂ ಗಾಡಿಯ ಹಿಂದೆ ಕಾಲುವೆಯ ತನಕ ಓಡಿದೆವು. "ಅಳಬ್ಯಾಡ್ರಿ. ಕಂಪ್ಲಿ ಎಷ್ಟು ದೂರೈತಿ?" ಎಂದರು. "ಭಾಳ ದೂರ್ರಿ," ಎಂದು ನಾನು ಬಿಕ್ಕಿದೆ. ಅವರು ಆ ದಿನವೂ ಬಿಡಲಿಲ್ಲ. "ಭಾಳ ಅಂದ್ರ ಎಷ್ಟು?" ಎಂದು ಕೇಳುತ್ತಲೇ ಗಾಡಿ ಮುಂದೆ ಹೋಯಿತು. ಬಳೆಪೆಟ್ಟಿಗೆ ನಮ್ಮ ಮನೆಯಲ್ಲೇ ಉಳಿದಿತ್ತು. ಅವ್ವ ಅದರಲ್ಲಿ ಸಂಡಿಗೆ ತುಂಬಿಟ್ಟಳು.

ಮುಂದಿನ ಬೇಸಿಗೆಯಲ್ಲಿ, ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿಸುವಾಗ, ಅಪ್ಪ ಆಳುಗಳಿಗೆ ಮೇಲಿನಿಂದ ಏನೋ ತೋರಿಸಿ ಹೇಳಿದರು. ಅವ್ವನಿಗೆ ಗೊತ್ತಿರಲಿಲ್ಲ. ಅವಳು ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಹಿಟ್ಟು ನಾದುತ್ತಿದ್ದೆ. ಮೇಲೆ ಗುದ್ದಲಿಯ ಸಪ್ಪಳವಾಗಿ ಒಂದಿಷ್ಟು ಮಣ್ಣು ಉದುರಿತು. ಅವ್ವ ರೊಟ್ಟಿಯನ್ನು ಸೆರಗಿನಿಂದ ಮುಚ್ಚಿ, "ಏ, ಯಾರಪಾ ಅದು!" ಎಂದು ಬೈದಳು. ಅಷ್ಟರಲ್ಲಿ ಬೆಳಕಿನ ಕಂಬವೊಂದು ನೇರವಾಗಿ ಅವಳ ಮಡಿಲಿಗೆ ಬಂದು ಬಿತ್ತು. "ಹೊಗಿ ಹೋಗ್ಲಿ ಅಂತ ಕೊರಸೇನಿ, ಮತ್ತೇನಲ್ಲ," ಎಂದು ಮೇಲಿನಿಂದ ಅಪ್ಪನ ದನಿ ಕೇಳಿಸಿತು.

ಗೋಡೆಯ ತುಂಬ ಮಸಿ. ಜೇಡರಬಲೆ. ಇಷ್ಟು ವರ್ಷ ಇದರೊಳಗೆ ಉಣ್ಣುವ ಅನ್ನ ಬೇಯಿಸಿದೆನಲ್ಲ ಎಂದು ಅವ್ವ ನಾಚಿಕೊಂಡು ಸುತ್ತ ನೋಡಿದಳು. ಆಮೇಲೆ ಅವಳ ಕಣ್ಣು ಸೆರಗು ಹಿಡಿದಿದ್ದ ಕೈಗಳ ಮೇಲೆ ನಿಂತಿತು. ಸೆರಗು ಬಿಟ್ಟು ಹಿಟ್ಟು ಮೆತ್ತಿದ ಎರಡೂ ಕೈಯನ್ನು ಬಿಸಿಲಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದಳು. ಸುಟ್ಟ ಕಲೆಗಳು, ಬಿರುಕು, ಎದ್ದುನಿಂತ ನರ. ಮದುವೆಯಾಗಿ ಬಂದಾಗಿನಿಂದ ಆ ಕೈಗಳು ಹಗಲೆಲ್ಲ ಈ ಕೋಣೆಯಲ್ಲೇ ಇದ್ದವು.

"ಏ ಹುಡುಗಿ," ಎಂದಳು ಮೆಲ್ಲಗೆ, "ಇವು ಯಾರ ಕೈನೇ?"

ಅವ್ವ ಆಮೇಲೆ ತಾನೇ ನಕ್ಕಳು. "ನಿಮ್ಮ ಮೇಷ್ಟ್ರು ಸಿಕ್ರ ಹೇಳು. ಭಾಳ ಬೆಳಕಾತು ಅಂತ ಹೇಳು." ಮುಚ್ಚಿದ ರೊಟ್ಟಿಯನ್ನು ತೆಗೆದು ಹಂಚಿನ ಮೇಲೆ ಹಾಕಿದಳು.

ಆ ಮಾತು ತಲುಪಿಸಲು ನನಗೆ ಬಹಳ ವರ್ಷ ಹಿಡಿಯಿತು. ನನ್ನ ಮದುವೆಯಾಯಿತು, ಮಕ್ಕಳಾದವು, ಯುದ್ಧ ಬಂದು ಸೀಮೆಎಣ್ಣೆಗೆ ಸರತಿ ನಿಲ್ಲುವ ಹಾಗಾಯಿತು. ಅವ್ವ ತೀರಿಕೊಂಡಳು. ಅದರ ಮರುವರ್ಷ ಕಂಪ್ಲಿಯ ಹೊಳೆದಂಡೆಯಲ್ಲಿ, ಆಚೆಯ ದಡಕ್ಕೆ ಹೋಗಲು ಹರಿಗೋಲಿಗೆ ಕಾಯುತ್ತಿದ್ದಾಗ, ಕಲ್ಲಿನ ಮೇಲೆ ಕುಳಿತ ಮುದುಕರೊಬ್ಬರು ಎಡಗಣ್ಣು ಮುಚ್ಚಿ ನನ್ನನ್ನು ನೋಡಿದರು. ಧೋತರದ ಅಂಚು ಇನ್ನೂ ಕೆಂಪಗೇ ಇತ್ತು. ಕಾಲಿಗೆ ಬಿದ್ದೆ. ನನ್ನ ಯೋಗಕ್ಷೇಮಕ್ಕಿಂತ ಮೊದಲು ಈರಮ್ಮ ಹೇಗಿದ್ದಾಳೆ ಎಂದು ಕೇಳಿದರು. ನನಗೆ ಮತ್ತೆ ಹೊಟ್ಟೆ ಉರಿಯಿತು.

"ಅವ್ವ ಒಂದು ಮಾತು ಹೇಳ್ಯಾಳ್ರಿ," ಎಂದೆ. "ಅಪ್ಪ ಅಡಿಗಿಮನಿಗೆ ಬೆಳಕಿಂಡಿ ಕೊರಸಿದ್ರು. ಭಾಳ ಬೆಳಕಾತು ಅಂತ ನಿಮಗ ಹೇಳಂದಿದ್ಲು."

ಮೇಷ್ಟ್ರ ಮುಖ ಅರಳಿತು. ನೌಕರಿ ಹೋದದ್ದು, ತಾಯಿಯ ಔಷಧಕ್ಕೆ ಪರದಾಡಿದ್ದು, ಒಂದನ್ನೂ ಅವರು ಎತ್ತಲಿಲ್ಲ. ಹಳೆಯ ಕುತೂಹಲದಿಂದ ಮುಂದಕ್ಕೆ ಬಗ್ಗಿದರು.

"ಭಾಳ ಅಂದ್ರ ಎಷ್ಟು?"

"ತನ್ನ ಕೈ ತನಗ ಗುರ್ತು ಸಿಗಲಿಲ್ರಿ ಅವ್ವಗ. ಯಾರ ಕೈ ಇವು ಅಂತ ನನ್ನ ಕೇಳಿದ್ಲು. ಅಷ್ಟು."

ಅವರ ಮುಚ್ಚಿದ ಎಡಗಣ್ಣು ಮೆಲ್ಲಗೆ ತೆರೆಯಿತು. ಎರಡೂ ಕಣ್ಣು ತೆರೆದು ಅವರು ನನ್ನನ್ನು ನೋಡಿದ್ದು ಅದೊಂದೇ ಸಲ. ಆ ಕಣ್ಣುಗಳಲ್ಲಿ ನೀರಿತ್ತು.

"ಇದು ಅಳತಿ," ಎಂದರು.

ಅಷ್ಟರಲ್ಲಿ ಹರಿಗೋಲಿನವನು ಜಲ್ದಿ ಬರ್ರಿ ಎಂದು ಕೂಗಿದ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ನೀರಿನ ಕಡೆಗೆ ಇಳಿದೆ.